ಮೂಸುವುದು ನಾಯಿ, ಸಾಕ್ಷಿ ಹೇಳುವವರು ನಾವು

ಕಬಿನಿ ಹಿನ್ನೀರಿನ ಅಂಚಿನಲ್ಲಿ ನಡೆಯುವ ನಮ್ಮ ಪತ್ತೇದಾರಿ ಧಾರಾವಾಹಿ ಈ ಸಂಚಿಕೆಗೆ ಅರ್ಧ ದಾರಿ ಮುಗಿಸಿದೆ. ನಡುವಿನಿಂದ ಓದಲು ಹಿಡಿದವರಿಗಾಗಿ ಕತೆಯ ಎಳೆಯನ್ನು ಚಿಕ್ಕದಾಗಿ ಹೇಳುವುದಾದರೆ, ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಕಾಲ್ಪನಿಕ ಕಳ್ಳಬೇಟೆ ತಡೆ ಶಿಬಿರದಿಂದ ರಾತ್ರಿ ಗಸ್ತಿಗೆ ಹೋದ ಹಂಗಾಮಿ ವಾಚರ್ ಒಬ್ಬ ಮರಳಿ ಬರುವುದಿಲ್ಲ. ಅವನನ್ನು ಜೀವಂತವಾಗಿ ಹುಡುಕಲು ವಿಪತ್ತು ರಕ್ಷಣಾ ತಂಡದ ಗೌರಿ ಎಂಬ ಲ್ಯಾಬ್ರಡಾರ್ ನಾಯಿ ಬರುತ್ತದೆ. ಅದೇ ಹೊತ್ತಿಗೆ ಅರಣ್ಯ ಇಲಾಖೆಯ ಭೀಮ ಎಂಬ ಜರ್ಮನ್ ಶೆಫರ್ಡ್, ಅದೇ ಕಾಡಂಚಿನಲ್ಲಿ ಯಾರೋ ಬಚ್ಚಿಟ್ಟಿರುವ ಹುಲಿ ಚರ್ಮದ ಬೆನ್ನು ಹತ್ತಿದೆ. ಎರಡು ನಾಯಿಗಳು ಎರಡು ದಿಕ್ಕಿಗೆ ಎಳೆಯುತ್ತಿವೆ. ಇಷ್ಟರಲ್ಲಿ ಬಂದಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಧಾರಾವಾಹಿಯ ಲೇಖಕರಿಗೆ ಕಳುಹಿಸಿದ್ದೆವು. ಅವರ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಗೌರಿ ಮನುಷ್ಯರನ್ನು ಹುಡುಕುವ ನಾಯಿ, ಭೀಮ ಚರ್ಮ, ಮೂಳೆ ಹುಡುಕುವ ನಾಯಿ ಎಂದು ಬರೆದಿದ್ದೀರಿ. ಮೂಗು ಎರಡಕ್ಕೂ ಒಂದೇ ತಾನೆ? ಒಂದೇ ನಾಯಿಯಿಂದ ಎರಡೂ ಕೆಲಸ ಮಾಡಿಸಬಹುದಿತ್ತಲ್ಲ? ಪಾತ್ರಗಳ ಸಂಖ್ಯೆಯನ್ನು ಸುಮ್ಮನೆ ಹೆಚ್ಚಿಸಿದಂತೆ ಕಾಣುತ್ತದೆ.
(ಓದುಗರು, ಪಿರಿಯಾಪಟ್ಟಣ)

ಉತ್ತರ: ಮೂಗು ಒಂದೇ, ಕಲಿಸಿದ ಪಾಠ ಬೇರೆ. ಅದಕ್ಕಿಂತ ಮುಖ್ಯವಾಗಿ, ಸಿಕ್ಕಿತು ಎಂದು ತಿಳಿಸುವ ಬಗೆ ಬೇರೆ. ರಕ್ಷಣಾ ನಾಯಿಗೆ ಬೊಗಳಲು ಕಲಿಸುತ್ತಾರೆ. 2023ರ ಫೆಬ್ರುವರಿಯಲ್ಲಿ ಟರ್ಕಿಯಲ್ಲಿ ಭೂಕಂಪವಾದಾಗ ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ತನ್ನ ನಾಯಿಗಳನ್ನೂ ಜೊತೆಗೆ ಕರೆದೊಯ್ದಿತ್ತು. ಅಲ್ಲಿ ಜೂಲಿ ಎಂಬ ನಾಯಿ ಕುಸಿದ ಕಟ್ಟಡವೊಂದರ ಮೇಲೆ ನಿಂತು ಬೊಗಳಿದ್ದರಿಂದಲೇ ಒಳಗೆ ಆರು ವರ್ಷದ ಬಾಲಕಿ ಉಸಿರಾಡುತ್ತಿದ್ದಾಳೆಂದು ಗೊತ್ತಾಯಿತು. ಅವಶೇಷಗಳ ನಡುವೆ ನಾಯಿ ಒಮ್ಮೊಮ್ಮೆ ತನ್ನನ್ನು ನಡೆಸುವ ಹ್ಯಾಂಡ್ಲರ್‌ನ ಕಣ್ಣಿಗೆ ಕಾಣದಷ್ಟು ದೂರ ಹೋಗುವುದರಿಂದ ಅದು ಕೂಗಿ ಹೇಳಲೇಬೇಕು. ಮೃತದೇಹ ಹುಡುಕುವ ನಾಯಿಗಳಿಗೆ ಇನ್ನೊಂದೇ ತರಬೇತಿ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಅಂಥ ನಾಯಿಗಳು ಕೆಲಸ ಮಾಡಿದ್ದನ್ನು ಗಡಿಯ ಈಚೆಗಿರುವ ಕೋಟೆ ತಾಲ್ಲೂಕಿನವರು ಮರೆತಿರಲಾರರು.

ಕಾಡಿನ ನಾಯಿಯ ಸಂಪ್ರದಾಯ ಇದಕ್ಕೆ ತದ್ವಿರುದ್ಧ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಮತ್ತು ವನ್ಯಜೀವಿ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಗಳು 2008ರಲ್ಲಿ ಭಾರತದಲ್ಲಿ ವನ್ಯಜೀವಿ ಪತ್ತೆ ನಾಯಿಗಳ ಕಾರ್ಯಕ್ರಮವನ್ನು ಆರಂಭಿಸಿದವು. ಭೋಪಾಲದ ವಿಶೇಷ ಸಶಸ್ತ್ರ ಪಡೆಯ 23ನೇ ಬೆಟಾಲಿಯನ್ನಿನಂಥ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ತರಬೇತಿ ನಡೆಯುತ್ತದೆ. ಪ್ರತಿ ನಾಯಿಗೂ ಇಬ್ಬರು ಹ್ಯಾಂಡ್ಲರ್‌ಗಳು. ಬಂಡೀಪುರದಲ್ಲಿ ಹೆಸರು ಮಾಡಿದ ರಾಣಾ ಎಂಬ ನಾಯಿ ಅಲ್ಲಿಯೇ ಪಳಗಿದ್ದು. ಇಂಥ ನಾಯಿ ಚರ್ಮವನ್ನೋ ಮೂಳೆಯನ್ನೋ ಪತ್ತೆ ಮಾಡಿದಾಗ ಸದ್ದಿಲ್ಲದೆ ಅದರ ಪಕ್ಕದಲ್ಲಿ ಕುಳಿತುಬಿಡಬೇಕು. ಬೊಗಳಿದರೆ ಹತ್ತಿರದಲ್ಲಿ ಅಡಗಿರುವವನು ಓಡುತ್ತಾನೆ, ಆನೆ ಇದ್ದರೆ ತಿರುಗಿ ಬೀಳುತ್ತದೆ. ಕೆರೆದರೆ ಸಾಕ್ಷ್ಯ ಹಾಳಾಗುತ್ತದೆ. ಗೌರಿ ಬೊಗಳಲೇಬೇಕಾದ ಜಾಗದಲ್ಲಿ ಭೀಮ ಮೌನವಾಗಿರಲೇಬೇಕು. ಐದನೇ ಕಂತಿನಲ್ಲಿ ಕಳ್ಳ ತಪ್ಪಿಸಿಕೊಂಡದ್ದು ಈ ಒಂದು ಇಕ್ಕಟ್ಟಿನಿಂದ. ಒಂದೇ ನಾಯಿ ಇದ್ದಿದ್ದರೆ ಆ ಕಂತೇ ಇರುತ್ತಿರಲಿಲ್ಲ.

ಪ್ರಶ್ನೆ: ಏಳನೇ ಕಂತಿನಲ್ಲಿ ಗೌರಿ ಆನೆ ಕಂದಕದ ತನಕ ಸರಿಯಾಗಿ ಬಂದು, ಮಧ್ಯಾಹ್ನದ ಹೊತ್ತಿಗೆ ಜಾಡು ಕಳೆದುಕೊಂಡು ಕಂದಕದ ಗುಂಟ ಅತ್ತಿತ್ತ ಓಡಾಡುತ್ತದೆ. ಅಷ್ಟು ತರಬೇತಾದ ನಾಯಿ ಹಾಗೆ ಗಲಿಬಿಲಿಗೊಳ್ಳುವುದುಂಟೇ? ಅಥವಾ ಕತೆಯನ್ನು ಇನ್ನೊಂದು ವಾರ ಎಳೆಯಲು ಮಾಡಿದ ಉಪಾಯವೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ)

ಉತ್ತರ: ಎಳೆಯುವ ಆಸೆ ಧಾರಾವಾಹಿ ಬರೆಯುವವರಿಗೆಲ್ಲ ಇರುತ್ತದೆ, ಸಂಪಾದಕರಿಗೆ ಇನ್ನೂ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ. ಆದರೆ ಈ ಸಲ ತಾವು ದೂರಬೇಕಾದದ್ದು ಏಪ್ರಿಲ್ ತಿಂಗಳ ಬಿಸಿಲನ್ನು.

ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಜೀವಕೋಶಗಳು ಸುಮಾರು 50ರಿಂದ 60 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು ಇರುತ್ತವೆ ಎಂಬ ಲೆಕ್ಕವನ್ನು ತಾವು ಎಲ್ಲಾದರೂ ಓದಿರುತ್ತೀರಿ. ಥ್ರಿಲ್ಲರ್ ಬರೆಯುವ ಬಹಳ ಮಂದಿ ಆ ಲೆಕ್ಕಕ್ಕೇ ಮರುಳಾಗಿ ನಾಯಿಯನ್ನು ಸೋಲೇ ಇಲ್ಲದ ಯಂತ್ರವನ್ನಾಗಿ ಮಾಡಿಬಿಡುತ್ತಾರೆ. ಮೂಗು ಎಷ್ಟೇ ದೊಡ್ಡದಾಗಿದ್ದರೂ ವಾಸನೆ ಮೂಗಿನ ತನಕ ಬರಬೇಕಲ್ಲ. ನಡೆದುಹೋಗುವ ಮನುಷ್ಯನ ಮೈಯಿಂದ ಚರ್ಮದ ಸಣ್ಣ ಸಣ್ಣ ಹೊಟ್ಟುಗಳು ಸದಾ ಉದುರುತ್ತಿರುತ್ತವೆ. ಅವು ಹುಲ್ಲಿನ ಬುಡದಲ್ಲಿ, ತೇವವಿರುವ ಮಣ್ಣಿನಲ್ಲಿ, ನೆರಳಿನಲ್ಲಿ ಕುಳಿತುಕೊಳ್ಳುತ್ತವೆ. ಬೆಳಗಿನ ತಂಪಿನಲ್ಲಿ ವಾಸನೆ ನೆಲಕ್ಕೆ ಅಂಟಿಕೊಂಡಂತೆ ತಗ್ಗಿನಲ್ಲಿ ಹರಿಯುತ್ತದೆ. ಹೊತ್ತು ಏರಿದಂತೆ ನೆಲ ಕಾದು, ಗಾಳಿ ಬಿಸಿಯಾಗಿ ಮೇಲಕ್ಕೇಳುತ್ತದೆ, ವಾಸನೆಯೂ ಅದರ ಜೊತೆ ಮೇಲೆದ್ದು ಚದುರುತ್ತದೆ. ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದು ಮೈದಾನದಂತೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಆನೆಗಳು ಹಿಂಡು ಹಿಂಡಾಗಿ ಇಳಿಯುವ ಆ ಬಯಲಿನಲ್ಲಿ ಗಾಳಿಗೆ ಅಡ್ಡವಾಗಿ ಒಂದು ಪೊದೆಯೂ ಇರುವುದಿಲ್ಲ.

ಇನ್ನು ನಾಯಿಯ ದೇಹದ ಕಷ್ಟ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲದ್ದರಿಂದ ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಏದುಸಿರು ಬಿಡುತ್ತಾ ಚೆನ್ನಾಗಿ ಮೂಸಲು ಆಗುವುದಿಲ್ಲ. ಮೂಸುವುದೆಂದರೆ ಸೆಕೆಂಡಿಗೆ ನಾಲ್ಕೈದು ಸಲ ಗಾಳಿಯನ್ನು ಚಿಕ್ಕ ಚಿಕ್ಕದಾಗಿ ಒಳಗೆಳೆದು, ಮೂಗಿನ ಪಕ್ಕದ ಸೀಳುಗಳಿಂದ ಹೊರಗೆ ಬಿಡುವ ಕೆಲಸ. ಅದಕ್ಕೆ ಬಾಯಿ ಮುಚ್ಚಿರಬೇಕು. ಆದ್ದರಿಂದಲೇ ತಿಳಿದ ಹ್ಯಾಂಡ್ಲರ್‌ಗಳು ನಸುಕಿನಲ್ಲಿ ಮತ್ತು ಸಂಜೆ ನಾಯಿಯನ್ನು ಇಳಿಸುತ್ತಾರೆ, ನಡುನಡುವೆ ನೆರಳಿನಲ್ಲಿ ಕೂರಿಸಿ ನೀರು ಕೊಡುತ್ತಾರೆ. ಕತೆಯಲ್ಲಿ ಗೌರಿಯ ಹ್ಯಾಂಡ್ಲರ್ ಮಧ್ಯಾಹ್ನವೂ ನಿಲ್ಲಿಸದೆ ಮುಂದುವರಿದದ್ದು ಯಾಕೆಂದು ತಾವು ಕೇಳಬೇಕಿತ್ತು. ಕಾಣೆಯಾದವನ ತಾಯಿ ಶಿಬಿರದ ಬಾಗಿಲಲ್ಲಿ ಕುಳಿತಿದ್ದಳು, ಅದಕ್ಕೆ.

ಕಂದಕದ ವಿಚಾರ ಇನ್ನಷ್ಟು ಸ್ವಾರಸ್ಯದ್ದು. ಆನೆ ದಾಟದಷ್ಟು ಅಗಲ, ಆಳ ಇರುವಂತೆ ಅಗೆದ ಕಂದಕದೊಳಗೆ ಗಾಳಿ ತಣ್ಣಗೆ ನಿಂತಿರುತ್ತದೆ. ದೂರದಿಂದ ತೇಲಿಬಂದ ವಾಸನೆ ಅಲ್ಲಿ ಇಳಿದು ಮಡುಗಟ್ಟುತ್ತದೆ. ನಾಯಿ ಕಂದಕದ ಉದ್ದಕ್ಕೂ ಓಡಾಡಿದರೆ ಅದಕ್ಕೆ ಎರಡು ಅರ್ಥಗಳಿರಬಹುದು: ಮನುಷ್ಯ ಕಂದಕದಲ್ಲಿ ಇಳಿದು ನಡೆದಿದ್ದಾನೆ, ಇಲ್ಲವೇ ಅವನು ಗಾಳಿ ಬೀಸುವ ಕಡೆ ಇನ್ನೆಲ್ಲೋ ಇದ್ದಾನೆ. ನಾಯಿ ಸುಳ್ಳು ಹೇಳುತ್ತಿಲ್ಲ, ವಾಸನೆ ಅಲ್ಲಿ ಇದೆ. ಎರಡು ಅರ್ಥಗಳಲ್ಲಿ ಯಾವುದು ಸರಿ ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು.

ನಿರ್ಧರಿಸುವುದು ಹೇಗೆ? ನಾಯಿಯ ಮೈಯನ್ನು ನೋಡಿ. ನಾಲಿಗೆ ಚಾಚಿ ಓಡುತ್ತಿದ್ದ ನಾಯಿ ವಾಸನೆಯ ಅಂಚಿಗೆ ತಾಗಿದ ಕೂಡಲೇ ಬಾಯಿಯನ್ನು ಗಪ್ಪನೆ ಮುಚ್ಚುತ್ತದೆ. ತಲೆ ಮೊದಲು ತಿರುಗುತ್ತದೆ, ದೇಹ ಆಮೇಲೆ ಹಿಂಬಾಲಿಸುತ್ತದೆ. ಅಗಲವಾಗಿ ಆಡುತ್ತಿದ್ದ ಬಾಲ ಬಿಗಿಯಾಗಿ ಚಿಕ್ಕದಾಗಿ ಆಡತೊಡಗುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ನಿಂತವನಿಗೂ ಮೂಗಿನ ಫುಸು ಫುಸು ಸದ್ದು ಕೇಳುತ್ತದೆ. ಆ ಅಂಚು ತಪ್ಪಿದರೆ ಬಾಯಿ ಮತ್ತೆ ತೆರೆದುಕೊಳ್ಳುತ್ತದೆ. ಬಾಯಿ ಎಲ್ಲಿ ಮುಚ್ಚಿತು, ಎಲ್ಲಿ ತೆರೆಯಿತು ಎಂಬ ಎರಡು ಬಿಂದುಗಳನ್ನು ಗಾಳಿಯ ದಿಕ್ಕಿನೊಂದಿಗೆ ಸೇರಿಸಿ ನೋಡಬಲ್ಲವನೇ ಒಳ್ಳೆಯ ಹ್ಯಾಂಡ್ಲರ್. ಏಳನೇ ಕಂತಿನಲ್ಲಿ ಗೌರಿ ಕಂದಕದ ಬಡಗಣ ತುದಿಯಲ್ಲಿ ಒಮ್ಮೆ ಬಾಯಿ ಮುಚ್ಚುತ್ತದೆ. ಅದನ್ನು ಒಂದೇ ವಾಕ್ಯದಲ್ಲಿ ಬರೆದಿದ್ದೇನೆ, ಹ್ಯಾಂಡ್ಲರ್ ಆಗ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ. ಮತ್ತೆ ಓದಿ ನೋಡಿ.

ಇದಕ್ಕೆ ಸೇರಿದಂತೆ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2011ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹದಿನೆಂಟು ನಾಯಿ–ಹ್ಯಾಂಡ್ಲರ್ ಜೋಡಿಗಳನ್ನು ಒಂದು ಕಟ್ಟಡದೊಳಗೆ ಬಿಟ್ಟರು. ಹುಡುಕಬೇಕಾದ ವಸ್ತು ಅಲ್ಲಿ ಎಲ್ಲಿಯೂ ಇರಲಿಲ್ಲ. ಕೆಲವು ಕಡೆ ವಸ್ತು ಇದೆಯೆಂದು ಗುರುತು ಹಾಕಿರುವುದಾಗಿ ಹ್ಯಾಂಡ್ಲರ್‌ಗಳಿಗೆ ಮಾತ್ರ ಹೇಳಿದ್ದರು. ಏನೂ ಇಲ್ಲದ ಆ ಕಟ್ಟಡದಲ್ಲಿ ನಾಯಿಗಳು ಸಿಕ್ಕಿತೆಂದು ಸೂಚಿಸಿದ ಪ್ರಸಂಗಗಳು ಇನ್ನೂರಕ್ಕೂ ಹೆಚ್ಚು, ಅದರಲ್ಲೂ ಗುರುತಿದ್ದ ಕಡೆಯೇ ಹೆಚ್ಚು. ನಾಯಿಗೆ ವಾಸನೆಗಿಂತ ಪ್ರಿಯವಾದದ್ದು ತನ್ನ ಯಜಮಾನನ ಮುಖ. ಅವನು ಎಲ್ಲಿ ನಿಧಾನವಾಗುತ್ತಾನೋ, ಎಲ್ಲಿ ಹಗ್ಗವನ್ನು ಅರಿವಿಲ್ಲದೆ ಬಿಗಿಹಿಡಿಯುತ್ತಾನೋ, ಅಲ್ಲಿ ಅದು ಅವನಿಗೆ ಬೇಕಾದ ಉತ್ತರವನ್ನು ಕೊಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಇಂಥ ಕತೆಗಳ ನಿಜವಾದ ಕುತೂಹಲವೆಲ್ಲ ಇಲ್ಲಿದೆ. ನಾಯಿ ಕಂಡುಹಿಡಿಯುತ್ತದೆಯೋ ಇಲ್ಲವೋ ಎಂಬುದಕ್ಕಿಂತ, ನಾಯಿ ಹೇಳಿದ್ದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಮನುಷ್ಯ ತನ್ನ ಆಸೆಯನ್ನು ಪಕ್ಕಕ್ಕಿಡಬಲ್ಲನೋ ಎಂಬುದು ನನ್ನನ್ನು ಹಿಡಿದು ಕೂರಿಸುತ್ತದೆ.

ಪ್ರಶ್ನೆ: ಕರ್ನಾಟಕದ ಹೆಮ್ಮೆಯ ಮುಧೋಳ ನಾಯಿ ಇರುವಾಗ ಜರ್ಮನ್ ನಾಯಿ, ಲ್ಯಾಬ್ರಡಾರ್ ನಾಯಿ ಎಂದು ಪರದೇಶದ ತಳಿಗಳನ್ನೇ ನಾಯಕರನ್ನಾಗಿ ಮಾಡಿದ್ದು ನನ್ನಂಥವರಿಗೆ ಬೇಸರ ತಂದಿದೆ.
(ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ)

ಉತ್ತರ: ಮೇಷ್ಟ್ರೇ, ಮುಧೋಳದ ಮೇಲಿನ ಅಭಿಮಾನ ನನಗೂ ಇದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಉದ್ದ ಮೋರೆ, ಸಣ್ಣ ಸೊಂಟ, ಬಿಲ್ಲಿನಂತೆ ಬಾಗಿದ ಬೆನ್ನು, ಇವೆಲ್ಲ ಬಯಲಿನಲ್ಲಿ ಓಡುವ ಮೊಲವನ್ನು ದೂರದಿಂದ ಕಂಡು ಅಟ್ಟಿಸಿಕೊಂಡು ಹೋಗಲು ಆದ ಮೈಕಟ್ಟು. ಪೊದೆಯ ಕೆಳಗೆ ತಲೆ ತಗ್ಗಿಸಿ ಗಂಟೆಗಟ್ಟಲೆ ಮೂಸುವ ತಾಳ್ಮೆಗೆ ಶೆಫರ್ಡ್, ಲ್ಯಾಬ್ರಡಾರ್, ಮ್ಯಾಲಿನಾಯ್ಸ್ ತಳಿಗಳನ್ನು ಹೆಚ್ಚಾಗಿ ಆರಿಸುತ್ತಾರೆ. ಹಾಗೆಂದು ಮುಧೋಳ ನಾಯಿಯನ್ನು ಯಾರೂ ಕಡೆಗಣಿಸಿಲ್ಲ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಸೇನೆ 2016ರಲ್ಲಿ ಅಲ್ಲಿನ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ತಮ್ಮ ಸಮಾಧಾನಕ್ಕೆ ಒಂದು ಗುಟ್ಟು ಬಿಟ್ಟುಕೊಡುತ್ತೇನೆ: ಹನ್ನೊಂದನೇ ಕಂತಿನಲ್ಲಿ ಒಂದು ಮುಧೋಳ ನಾಯಿ ಬರುತ್ತದೆ. ಅದು ಯಾರ ಪಕ್ಷದಲ್ಲಿ ಓಡುತ್ತದೆ ಎಂಬುದು ತಮಗೆ ಅಷ್ಟು ಇಷ್ಟವಾಗದಿರಬಹುದು.

ಪ್ರಶ್ನೆ: ಒಂಬತ್ತನೇ ಕಂತಿನಲ್ಲಿ ಭೀಮ ಗುತ್ತಿಗೆದಾರನ ತೋಟದ ಮನೆಯ ಮುಂದೆ ಹೋಗಿ ಕುಳಿತ ಮೇಲೂ ವಲಯ ಅರಣ್ಯಾಧಿಕಾರಿ ಅವನನ್ನು ಬಂಧಿಸದೆ ಜೀಪು ಹತ್ತಿ ಹೊರಟುಹೋಗುತ್ತಾರೆ. ನಮ್ಮ ಮನೆಯಲ್ಲಿ ಇದನ್ನು ಓದಿದವರೆಲ್ಲ ಆ ಅಧಿಕಾರಿ ಲಂಚ ತಿಂದಿದ್ದಾರೆಂದೇ ತೀರ್ಮಾನಿಸಿದ್ದಾರೆ. ನಾನು ಮಾತ್ರ ಬೇರೆ ಕಾರಣವಿರಬಹುದೆಂದು ವಾದಿಸುತ್ತಿದ್ದೇನೆ.
(ವಕೀಲರು, ಮೈಸೂರು)

ಉತ್ತರ: ಮೇಡಂ, ತಮ್ಮ ವಾದವೇ ಸರಿ. ಕಾರಣವನ್ನು ಮನೆಯವರಿಗೂ ವಿವರಿಸಿ ಹೇಳಬಹುದು. ನಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಲು ಬರುವುದಿಲ್ಲ. 2001ರಲ್ಲಿ ಆಂಧ್ರಪ್ರದೇಶದಿಂದ ಬಂದ ಗಡೆ ಲಕ್ಷ್ಮೀ ಮಂಗರಾಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನಿಖೆಗೆ ನಾಯಿಯ ಸಹಾಯ ಪಡೆಯಲು ಅಡ್ಡಿಯಿಲ್ಲ, ಆದರೆ ಅದು ಮೂಸಿ ತೋರಿಸಿದ್ದನ್ನು ಸಾಕ್ಷ್ಯವೆಂದು ಹೆಚ್ಚು ನೆಚ್ಚಿಕೊಳ್ಳಲಾಗದು ಎಂಬ ನಿಲುವು ತಳೆಯಿತು. ಅಂದಮೇಲೆ ಭೀಮ ಬಾಗಿಲಲ್ಲಿ ಕುಳಿತದ್ದರಿಂದ ಅಧಿಕಾರಿಗೆ ಸಿಕ್ಕಿದ್ದು ಒಂದು ಸುಳಿವು ಮಾತ್ರ. ಆ ಸುಳಿವಿನ ಬಲದ ಮೇಲೆ ಅವಸರದಲ್ಲಿ ಕೈಹಾಕಿ, ಒಳಗೆ ಏನೂ ಸಿಗದೆ ಹೋದರೆ, ಚರ್ಮ ಅದೇ ರಾತ್ರಿ ತಾಲ್ಲೂಕಿನ ಗಡಿ ದಾಟುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಲು ಒಣ ಬರಹವಾದರೂ ಕತೆಗಾರನಿಗೆ ಅದರಲ್ಲಿ ಒಳ್ಳೆಯ ತಿರುವುಗಳು ಸಿಗುತ್ತವೆ. 57ನೇ ಕಲಮಿನ ಪ್ರಕಾರ ಪ್ರಾಣಿಯ ಚರ್ಮ, ಉಗುರು ಮುಂತಾದವು ಒಬ್ಬನ ವಶದಲ್ಲಿ ಸಿಕ್ಕಿವೆಯೆಂದು ಸಾಬೀತಾದರೆ, ಅದು ಅಕ್ರಮವಲ್ಲವೆಂದು ತೋರಿಸುವ ಹೊಣೆ ಅವನ ಹೆಗಲಿಗೇ ಬೀಳುತ್ತದೆ. ಆದ್ದರಿಂದ ಇಡೀ ಪ್ರಕರಣ ನಿಂತಿರುವುದು ಚರ್ಮ ಯಾರ ವಶದಲ್ಲಿತ್ತು ಎಂಬ ಒಂದೇ ಅಂಶದ ಮೇಲೆ. ಕಣಜದ ಬೀಗದ ಕೈ ಯಾರ ಹತ್ತಿರವಿತ್ತು, ಮಹಜರಿಗೆ ಸಹಿ ಹಾಕಿದ ಪಂಚರು ಯಾರು, ಮೊಹರು ಮಾಡಿದ ಚೀಲ ಯಾವ ಯಾವ ಕೈ ದಾಟಿ ಪ್ರಯೋಗಾಲಯಕ್ಕೆ ಹೋಯಿತು, ಇವೆಲ್ಲ ಅಚ್ಚುಕಟ್ಟಾಗಿರಬೇಕು. ಅದೇ ಕಾಯ್ದೆಯ 50ನೇ ಕಲಮು, ಅಧಿಕಾರ ಪಡೆದ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಯವರು ಆರೋಪಿಯ ಎದುರಿನಲ್ಲೇ ದಾಖಲಿಸಿಕೊಂಡ ಹೇಳಿಕೆಯನ್ನು ವಿಚಾರಣೆಯಲ್ಲಿ ಬಳಸಲು ಅವಕಾಶ ಕೊಡುತ್ತದೆ. ವಲಯ ಅರಣ್ಯಾಧಿಕಾರಿ ಜೀಪು ಹತ್ತಿ ಹೊರಟದ್ದು ಆ ದರ್ಜೆಯ ಅಧಿಕಾರಿಯಿರುವ ಹುಣಸೂರಿನ ದಿಕ್ಕಿಗೆ ಎಂದು ಬರೆದಿದ್ದೆ, ತಮ್ಮ ಮನೆಯವರು ಅದನ್ನು ಗಮನಿಸಿದಂತಿಲ್ಲ. ಆರೋಪ ಸಾಬೀತಾದರೆ ಹುಲಿಯಂಥ, ಕಾಯ್ದೆಯ ಅತಿ ಹೆಚ್ಚಿನ ರಕ್ಷಣೆಯಿರುವ ಒಂದನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ದಂಡವೂ 25,000 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ.

ಮುಂದಿನ ಕಂತುಗಳಿಗೆ ಬೇಕಾದ ಇನ್ನೊಂದು ಸಂಗತಿಯನ್ನೂ ತಮಗೆ ಹೇಳಿಬಿಡುತ್ತೇನೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಕರ್ನಾಟಕದ ಕಾಡುಗಳಲ್ಲಿ, ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳಿಂದ ತೆಗೆದ ಚಿತ್ರಗಳನ್ನು ಆಧರಿಸಿದ ಒಂದು ಸಂಶೋಧನೆ 2009ರಲ್ಲಿ ಪ್ರಕಟವಾಯಿತು. ಕಂಪ್ಯೂಟರಿನ ಮೂಲಕ ಪಟ್ಟೆಗಳನ್ನು ತಾಳೆ ನೋಡಿದರೆ, ವಶಪಡಿಸಿಕೊಂಡ ಚರ್ಮ ಯಾವ ಕಾಡಿನ ಯಾವ ಹುಲಿಯದು ಎಂದು ಗುರುತಿಸಲು ಸಾಧ್ಯವೆಂದು ಅದು ತೋರಿಸಿಕೊಟ್ಟಿತು. ಕಾಣೆಯಾದ ವಾಚರ್ ಕೊನೆಯ ಗಸ್ತಿನಲ್ಲಿ ಯಾವ ಕ್ಯಾಮೆರಾದ ಕಾರ್ಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ ಎಂಬುದು ತಮಗೆ ನೆನಪಿದೆಯೇ?

ಪ್ರಶ್ನೆ: ಉರುಲು ಹಾಕುವವನನ್ನು ರೈತನೆಂದು ತೋರಿಸಿದ್ದೀರಿ. ಕಾಡುಹಂದಿ ಹಿಂಡು ಒಂದೇ ರಾತ್ರಿಗೆ ಕಬ್ಬಿನ ಗದ್ದೆ ಹಾಳು ಮಾಡಿದಾಗ ನೋಡಲು ಬರುವವರಿಲ್ಲ. ಪೇಟೆಯಲ್ಲಿ ಕುಳಿತು ರೈತನನ್ನು ಖಳನಾಯಕ ಮಾಡುವುದು ಸುಲಭ ಅಲ್ಲವೇ ಸ್ವಾಮಿ?
(ಕಬ್ಬು ಬೆಳೆಗಾರರು, ಮಳವಳ್ಳಿ ತಾಲ್ಲೂಕು)

ಉತ್ತರ: ತಮ್ಮ ಪತ್ರವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡು ಓದಿದೆ. ಕತೆಯ ಆ ರೈತನನ್ನು ನಾನು ಖಳನೆಂದು ಎಣಿಸಿಲ್ಲ, ಎಣಿಸಿದ್ದರೆ ಮೂರನೇ ಕಂತನ್ನು ಪೂರ್ತಿ ಅವನ ಸಾಲದ ಲೆಕ್ಕಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ಹಂದಿಗೆಂದು ಬೈಕಿನ ಕ್ಲಚ್ ವೈರಿನಿಂದ ಮಾಡಿದ ಉರುಲು ಹಂದಿಯನ್ನೇ ಹಿಡಿಯುತ್ತದೆಂಬ ಖಾತರಿಯಿಲ್ಲ. ಅದೇ ಬೇಲಿಯ ಸಂದಿಯಲ್ಲಿ ಚಿರತೆ ನುಸುಳಿದರೆ ಅದರ ಸೊಂಟಕ್ಕೆ ಬಿಗಿಯುತ್ತದೆ, ಕೊಸರಿದಷ್ಟೂ ಒಳಗೆ ಕೊರೆಯುತ್ತದೆ. ಹಂದಿಗೆ ಇಟ್ಟ ಸಿಡಿಮದ್ದನ್ನು ಮೇಯಲು ಬಂದ ಹಸು ಕಚ್ಚಿ ದವಡೆ ಕಳೆದುಕೊಂಡದ್ದನ್ನು ತಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹುಡುಕಲು ಬಂದ ನಾಯಿಗೂ ಅದೇ ಗತಿ. ಭೀಮನ ಹ್ಯಾಂಡ್ಲರ್ ಬದುಗಳ ಮೇಲೆ ನಡೆಯುವಾಗ ಹಗ್ಗವನ್ನು ಗಿಡ್ಡ ಮಾಡಿಕೊಳ್ಳುವುದು ಈ ಭಯಕ್ಕೆ.

ಮಂಡ್ಯ, ಮೈಸೂರು ಸೀಮೆಯ ಕಬ್ಬಿನ ಗದ್ದೆ ಚಿರತೆಗೆ ಬಾಣಂತಿ ಮನೆಯಾಗಿದೆ. ಕಟಾವಿನ ಹೊತ್ತಿಗೆ ಸೋಗೆಯ ನಡುವೆ ಕಣ್ಣು ಬಿಡದ ಮರಿಗಳು ಸಿಕ್ಕುವುದು, ಇಲಾಖೆಯವರು ಅವುಗಳನ್ನು ಬುಟ್ಟಿಯಲ್ಲಿ ಅದೇ ಜಾಗದಲ್ಲಿ ಇಟ್ಟು ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗಲೆಂದು ದೂರ ಸರಿಯುವುದು ಈಗ ನಮ್ಮಲ್ಲಿ ಹೊಸ ಸುದ್ದಿಯಲ್ಲ. ಅದೇ ಚಿರತೆ ಇನ್ನೊಂದು ಮುಖವನ್ನೂ ತೋರಿಸಿದೆ. 2022ರ ಕೊನೆಯಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆ ದಾಳಿಗೆ ಬಲಿಯಾದರು, ಸರ್ಕಾರ ಮೈಸೂರಿಗೆ ಚಿರತೆ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ಹನ್ನೊಂದು ವರ್ಷದ ಮಗುವನ್ನು ಕಳೆದುಕೊಂಡ ಊರಿನವರಿಗೆ ಸಂರಕ್ಷಣೆಯ ಪಾಠ ಹೇಳುವ ಧೈರ್ಯ ನನಗಿಲ್ಲ.

ಆದರೂ ಒಂದು ಮಾತನ್ನು ಹೇಳದೆ ಬಿಡಲಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಒಟ್ಟಿಗೇ ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ಯಾರೋ ವಿಷ ಬೆರೆಸಿದ್ದರು. ಹಸು ಕಳೆದುಕೊಂಡವನ ಸಿಟ್ಟು ಎಷ್ಟು ನಿಜವೋ ಆ ವಿಷವೂ ಅಷ್ಟೇ ನಿಜ. ಪರಿಹಾರದ ಹಣ ಹೊತ್ತಿಗೆ ಸರಿಯಾಗಿ ಕೈಸೇರಿದ್ದರೆ ಆ ಸಿಟ್ಟು ಅಲ್ಲಿಯ ತನಕ ಹೋಗುತ್ತಿತ್ತೇ ಎಂದು ಕೇಳುವವರ ಸಾಲಿನಲ್ಲಿ ನಾನೂ ಇದ್ದೇನೆ. ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದಲ್ಲಿ ವಿಷವಿಕ್ಕಿದ ಮಾಂಸವನ್ನು ಹುಡುಕಲೆಂದೇ 2004ರಿಂದ ಪ್ರತ್ಯೇಕ ನಾಯಿದಳವಿದೆ, ಹದ್ದು ರಣಹದ್ದುಗಳು ತಿನ್ನುವ ಮೊದಲೇ ಅವು ಅದನ್ನು ಪತ್ತೆ ಮಾಡುತ್ತವೆ. ನಮ್ಮ ಕಾಡಂಚಿಗೂ ಅಂಥ ದಳ ಬೇಕೆಂಬುದು ನನ್ನ ಅಭಿಪ್ರಾಯ. ಕತೆಗೆ ಬಂದರೆ, ಆ ರೈತನಿಂದ ಉರುಲಿಗೆ ಸಿಕ್ಕಿದ್ದನ್ನು ಕೊಂಡುಕೊಂಡು, ಅವನ ಸಾಲವನ್ನು ಮನ್ನಾ ಮಾಡಿದ ಮನುಷ್ಯ ಬೇರೊಬ್ಬನಿದ್ದಾನೆ. ತಮ್ಮ ಕೋಪವನ್ನು ಎರಡು ಕಂತು ಜೋಪಾನವಾಗಿಟ್ಟುಕೊಂಡಿರಿ, ಅವನ ಮೇಲೆ ಖರ್ಚು ಮಾಡಬಹುದು.

ಪ್ರಶ್ನೆ: ಕಾಡು ಪ್ರಾಣಿಗಳನ್ನು ಉಳಿಸಲು ಕಾಡಿನೊಳಗೆ ನಾಯಿಯನ್ನು ಕರೆದೊಯ್ಯುವುದೇ ಅಪಾಯವಲ್ಲವೇ? ನಾಯಿಗಳಿಂದ ಹರಡುವ ರೋಗಗಳ ಬಗ್ಗೆ ಕತೆ ಏಕೆ ಮೌನವಾಗಿದೆ?
(ಪಶು ವೈದ್ಯಕೀಯ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಸರಿಯಾದ ಆತಂಕ. 2018ರಲ್ಲಿ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವದರ ಮೈಯಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಮಾರಕ ರೋಗದ ವೈರಸ್ ಕಂಡುಬಂದಿತ್ತು. ಲಸಿಕೆಯಿಲ್ಲದೆ ಕಾಡಂಚಿನಲ್ಲಿ ತಿರುಗುವ ಬೀದಿನಾಯಿಗೂ, ಲಸಿಕೆ, ಸ್ನಾನ, ತಪಾಸಣೆ ಎಲ್ಲಕ್ಕೂ ದಾಖಲೆಯಿರುವ ಇಲಾಖೆಯ ನಾಯಿಗೂ ವ್ಯತ್ಯಾಸವಿದೆ. ಎರಡನೇ ಕಂತಿನಲ್ಲಿ ಸಂಜೆ ಶಿಬಿರಕ್ಕೆ ಮರಳಿದ ಕೂಡಲೇ ಹ್ಯಾಂಡ್ಲರ್ ಲಾಟೀನಿನ ಬೆಳಕಿನಲ್ಲಿ ಭೀಮನ ಕಿವಿ ಮಗುಚಿ, ಕಾಲ್ಬೆರಳ ಸಂದಿ ಬಿಡಿಸಿ ಉಣುಗು ಹೆಕ್ಕುವ ದೃಶ್ಯವಿದೆ. ಉಣುಗಿನ ಜ್ವರ ಕೆಲಸದ ನಾಯಿಗಳಿಗೆ ಹುಲಿಗಿಂತ ದೊಡ್ಡ ಶತ್ರು. ಇನ್ನು ಚಿರತೆಗಂತೂ ನಾಯಿ ಇಷ್ಟದ ಆಹಾರ, ಆದ್ದರಿಂದಲೇ ಅವನು ರಾತ್ರಿ ಭೀಮನನ್ನು ಹೊರಗೆ ಕಟ್ಟುವುದಿಲ್ಲ. ನಾಯಿಯಿಂದ ಕಾಡಿಗೆ ಕೇಡಾಗದಂತೆ ನೋಡಿಕೊಳ್ಳುವ ಎಚ್ಚರಿಕೆಯೂ ಹಳೆಯದೇ: 1890ರ ದಶಕದಲ್ಲಿ ನ್ಯೂಜಿಲೆಂಡಿನ ರಿಚರ್ಡ್ ಹೆನ್ರಿ ಎಂಬವರು ಹಾರಲಾರದ ಕಾಕಾಪೋ ಹಕ್ಕಿಗಳನ್ನು ಸುರಕ್ಷಿತ ದ್ವೀಪಕ್ಕೆ ಸಾಗಿಸಲು ಅವುಗಳನ್ನು ಹುಡುಕಿಸಿದ್ದು ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯಿಂದ.

ಪ್ರಶ್ನೆ: ನಾನೂ ಒಂದು ಥ್ರಿಲ್ಲರ್ ಬರೆಯುತ್ತಿದ್ದೇನೆ. ಇಡೀ ಕತೆಯನ್ನು ಪೊಲೀಸ್ ನಾಯಿಯೇ ಹೇಳುವಂತೆ ಮಾಡಿದರೆ ಹೇಗಿರುತ್ತದೆ?
(ಯುವ ಓದುಗರು, ನಾಗಮಂಗಲ)

ಉತ್ತರ: ನನಗೆ ಆ ಉಪಾಯ ಒಗ್ಗುವುದಿಲ್ಲ. ನಾಯಿಗೆ ಮಾತು ಬಂದರೆ ಅಪರಾಧಿ ಯಾರೆಂದು ಅದು ಮೊದಲ ಪುಟದಲ್ಲೇ ಹೇಳಿಬಿಡುತ್ತದೆ, ಆಮೇಲೆ ಉಳಿದ ಪುಟಗಳನ್ನು ತಾವು ಏನು ಮಾಡುತ್ತೀರಿ? ಅಲ್ಲದೆ ಕೆಲಸದ ನಾಯಿಗೆ ಅಪರಾಧ, ನ್ಯಾಯ, ಸಂರಕ್ಷಣೆ ಯಾವುದೂ ಗೊತ್ತಿಲ್ಲ. ಸರಿಯಾದ ವಾಸನೆ ಹೇಳಿದರೆ ಚೆಂಡು ಸಿಗುತ್ತದೆ ಎಂಬುದಷ್ಟೇ ಗೊತ್ತು. ಹುಲಿ ಚರ್ಮದ ಪಕ್ಕದಲ್ಲಿ ಕುಳಿತು ಅದು ಹ್ಯಾಂಡ್ಲರ್‌ನ ಜೇಬನ್ನೇ ನೋಡುತ್ತಿರುತ್ತದೆ. ಒಳಗೆ ಹೆಣ ಬಿದ್ದಿರುವ ಮನೆಯ ಅಂಗಳದಲ್ಲಿ ನಾಯಿಯೊಂದಕ್ಕೆ ಚೆಂಡಾಟ ಆಡಿಸಲೇಬೇಕಾದ ಮನುಷ್ಯನ ಮುಖವನ್ನು ಬರೆಯಿರಿ. ಅದನ್ನು ಬರೆಯಲು ನಾಯಿಗೆ ಮಾತು ಬರಬೇಕಾಗಿಲ್ಲ.

ಪ್ರಶ್ನೆ: ಭೀಮ ಕೊನೆಯಲ್ಲಿ ಸಾಯುತ್ತಾ? ಸಾಯುತ್ತೆ ಅಂತ ಅಪ್ಪ, ಸಾಯಲ್ಲ ಅಂತ ಅಜ್ಜಿ ಪಂದ್ಯ ಕಟ್ಟಿದ್ದಾರೆ. ಭೀಮನಿಗೆ ವಯಸ್ಸೆಷ್ಟು?
(ಆರನೇ ತರಗತಿ, ಕೆ.ಆರ್. ನಗರ)

ಉತ್ತರ: ಪುಟ್ಟಾ, ಭೀಮನಿಗೆ ಈಗ ಏಳು ವರ್ಷ. ಇಂಥ ನಾಯಿಗಳನ್ನು ಸಾಮಾನ್ಯವಾಗಿ ಎಂಟು ಹತ್ತು ವರ್ಷವಾಗುವ ಹೊತ್ತಿಗೆ ಕೆಲಸದಿಂದ ಬಿಡಿಸುತ್ತಾರೆ, ಮೂಗು ಚುರುಕಾಗಿಯೇ ಇದ್ದರೂ ಸೊಂಟ ಮತ್ತು ಹಿಂಗಾಲು ಕೈಕೊಡತೊಡಗುತ್ತವೆ. ಕತೆಯ ಕೊನೆಯನ್ನು ಈಗಲೇ ಹೇಳಿದರೆ ಸಂಪಾದಕರು ನನ್ನ ಸಂಭಾವನೆ ಹಿಡಿಯುತ್ತಾರೆ. ಆದರೆ ನಾನು ನಿನ್ನ ಜಾಗದಲ್ಲಿದ್ದಿದ್ದರೆ ನನ್ನ ಹಣವನ್ನು ಅಜ್ಜಿಯ ಕಡೆಗೇ ಇಡುತ್ತಿದ್ದೆ. ಈ ಪುಟವನ್ನು ಅಪ್ಪನಿಗೆ ತೋರಿಸಬೇಡ.